ವೈಫಲ್ಯವನ್ನು ಓದಿದ ವಿಜ್ಞಾನಿ: ಡಾ. ಯಲ್ಲಾಪ್ರಗಡ ಸುಬ್ಬರಾವ್

ಗರ್ಭಿಣಿಯರಿಗೆ ಕಬ್ಬಿಣಾಂಶದೊಡನೆ ಕೊಡುವ ಫೋಲಿಕ್ ಆಮ್ಲದ ಗುಳಿಗೆ ಇಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ದೊರೆಯುತ್ತದೆ. ರಕ್ತದ ಕ್ಯಾನ್ಸರಿಗೆ ಗುರಿಯಾದ ಮಕ್ಕಳಿಗೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಚಿಕ್ಕ ಹಳದಿ ಗುಳಿಗೆ ಮುಂಬಯಿ, ಚೆನ್ನೈ, ದೆಹಲಿ, ಬೆಂಗಳೂರುಗಳ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ನಿತ್ಯದ ಬಳಕೆಯದು. ಮೊದಲನೆಯದು ಜೀವಕೋಶಕ್ಕೆ ಆಹಾರ. ಎರಡನೆಯದು ಅದೇ ಆಹಾರದ ವೇಷ ಧರಿಸಿ ಬಂದು ಜೀವಕೋಶವನ್ನು ಉಪವಾಸ ಕೆಡಹುವಂಥದು. ಒಂದು ಪೋಷಕ, ಇನ್ನೊಂದು ಅದರ ವೈರಿ. ಈ ಎರಡರ ಮೂಲವೂ ಅಮೆರಿಕದ ಒಂದೇ ಸಂಶೋಧನಾಲಯದಲ್ಲಿದೆ. ಆ ಸಂಶೋಧನಾಲಯವನ್ನು ನಡೆಸಿದವರು ಗೋದಾವರಿ ಸೀಮೆಯ ಒಂದು ಬಡ ತೆಲುಗು ಕುಟುಂಬದಲ್ಲಿ ಹುಟ್ಟಿದ ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರು.

ಸುಬ್ಬರಾವ್ ಅವರ ಬದುಕನ್ನು ಬಡತನದಿಂದ ಕೀರ್ತಿಗೇರಿದವರ ಕಥೆಯಾಗಿ ಹೇಳುವುದು ಸುಲಭ. ಆದರೆ ಆ ಬಗೆಯ ನಿರೂಪಣೆಯಲ್ಲಿ ಅವರ ನಿಜವಾದ ಸತ್ತ್ವ ಮರೆಯಾಗುತ್ತದೆ. ಅವರ ಜೀವನದಲ್ಲಿ ಗೆಲುವಿಗಿಂತ ಸೋಲುಗಳೇ ಹೆಚ್ಚು. ಪರೀಕ್ಷೆಯಲ್ಲಿ ಸೋಲು, ಪದವಿಯಲ್ಲಿ ಸೋಲು, ಹುದ್ದೆಯಲ್ಲಿ ಸೋಲು. ಕೊನೆಗೆ ತಾವು ಅರಸಿ ಹೊರಟ ವಸ್ತುವಿನಲ್ಲಿಯೂ ಸೋಲು. ಎಣಿಸಿದಂತೆ ನಡೆಯದ ಪ್ರಯೋಗವೊಂದು ಎದುರಾದಾಗ ಅದನ್ನು ಬದಿಗೆ ಸರಿಸದೆ, ಅದು ಏನನ್ನು ಹೇಳುತ್ತಿದೆ ಎಂದು ಕೇಳುವುದು ಅವರ ವೈಜ್ಞಾನಿಕ ಜೀವನದ ಮುಖ್ಯ ಲಕ್ಷಣ. ಕ್ಯಾನ್ಸರಿನ ರಾಸಾಯನಿಕ ಚಿಕಿತ್ಸೆಯ ಆರಂಭದ ಅಧ್ಯಾಯಕ್ಕೂ ಈ ಲಕ್ಷಣಕ್ಕೂ ನೇರವಾದ ಸಂಬಂಧವಿದೆ.

ಸುಬ್ಬರಾವ್ ಅವರು ಜನಿಸಿದ್ದು 1895ರ ಜನವರಿ 12ರಂದು, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಭೀಮವರಂನಲ್ಲಿ. ತಂದೆ ಜಗನ್ನಾಥಂ ಅವರ ಆರೋಗ್ಯ ಕೆಟ್ಟು ಸಂಸಾರದ ಭಾರವೆಲ್ಲ ತಾಯಿ ವೆಂಕಮ್ಮನವರ ಮೇಲೆ ಬಿತ್ತು. ಹುಡುಗನಿಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂದು ಹದಿಮೂರರ ವಯಸ್ಸಿನಲ್ಲಿ ಮನೆಬಿಟ್ಟು ಹೊರಟವನನ್ನು ಹಿಂದಕ್ಕೆ ಕರೆತಂದು ಮತ್ತೆ ಶಾಲೆಗೆ ಕೂರಿಸಲಾಯಿತು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ, ಮೂರನೆಯ ಬಾರಿ ಮದರಾಸಿನ ಹಿಂದೂ ಹೈಸ್ಕೂಲಿನಿಂದ ತೇರ್ಗಡೆಯಾದುದಾಯಿತು. ಪ್ರೆಸಿಡೆನ್ಸಿ ಕಾಲೇಜಿನ ದಿನಗಳಲ್ಲಿ ರಾಮಕೃಷ್ಣ ಆಶ್ರಮದ ಸಂಪರ್ಕವುಂಟಾಗಿ ಸನ್ಯಾಸದ ಕಡೆಗೆ ಒಲವು ಬೆಳೆಯಿತು. ತಾಯಿ ಒಪ್ಪಲಿಲ್ಲ. ವೈದ್ಯವೃತ್ತಿಯೂ ಸೇವೆಯ ಮಾರ್ಗವೇ ಎಂಬ ತಿಳಿವಳಿಕೆಯಿಂದ ತರುಣ ಸುಬ್ಬರಾವ್ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು.

ಅಲ್ಲಿಯೂ ದಾರಿ ನೇರವಾಗಿರಲಿಲ್ಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಖಾದಿಯ ನಿಲುವಂಗಿ ಧರಿಸಿ ಹೋದುದು ಆಂಗ್ಲ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್ ಅವರ ಅಸಮಾಧಾನಕ್ಕೆ ಕಾರಣವಾಯಿತು. ಉತ್ತರಪತ್ರಿಕೆಗಳು ಚೆನ್ನಾಗಿದ್ದರೂ ಪೂರ್ಣ ಪ್ರಮಾಣದ ಎಂ.ಬಿ.ಬಿ.ಎಸ್. ಪದವಿಯ ಬದಲು ಅದಕ್ಕಿಂತ ಕೆಳಗಿನದೆನಿಸಿದ್ದ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ದೊರೆಯಿತು. ಮದರಾಸಿನ ಸರಕಾರಿ ವೈದ್ಯಸೇವೆಯ ಬಾಗಿಲು ಇದರಿಂದ ಮುಚ್ಚಿತು. ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾಗಿ ಸುಬ್ಬರಾವ್ ಕೆಲಸಕ್ಕೆ ಸೇರಿದರು.

ಇದೇ ಕಾಲದ ಸುಮಾರಿಗೆ ಕುಟುಂಬದಲ್ಲಿ ನಡೆದ ದುರಂತವೊಂದು ಅವರ ಬದುಕಿನ ದಿಕ್ಕನ್ನು ನಿರ್ಧರಿಸಿತು. ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ರೋಗದಿಂದ ತೀರಿಕೊಂಡರು. ಉಷ್ಣವಲಯದ ದೇಶಗಳಲ್ಲಿ ಕಾಣುವ ಈ ರೋಗದಲ್ಲಿ ಕರುಳು ಆಹಾರದ ಸಾರವನ್ನು ಹೀರಿಕೊಳ್ಳಲಾರದು. ನಿಲ್ಲದ ಭೇದಿ, ನಾಲಿಗೆಯ ಹುಣ್ಣು, ರಕ್ತಹೀನತೆಗಳಿಂದ ರೋಗಿ ಸವೆದುಹೋಗುತ್ತಾನೆ. ಆಗ ಇದಕ್ಕೆ ಮದ್ದಿರಲಿಲ್ಲ. ಎದುರಿಗೆ ಅನ್ನವಿದ್ದೂ ದೇಹ ಹಸಿದು ಸಾಯುವ ಈ ವೈಪರೀತ್ಯವನ್ನು ಮನೆಯಲ್ಲಿಯೇ ಕಂಡ ತರುಣ ವೈದ್ಯರಿಗೆ ಉಷ್ಣವಲಯದ ರೋಗಗಳ ಅಧ್ಯಯನವೇ ಗುರಿಯಾಯಿತು.

1919ರಲ್ಲಿ ಅವರಿಗೆ ಶೇಷಗಿರಿಯವರೊಡನೆ ವಿವಾಹವಾಗಿತ್ತು. ಮಾವನವರ ನೆರವು, ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮಸಂಸ್ಥೆಯ ನೆರವು ಇವುಗಳನ್ನು ಆಧರಿಸಿ ಸುಬ್ಬರಾವ್ ಅಮೆರಿಕಕ್ಕೆ ಹೊರಟರು. 1923ರ ಅಕ್ಟೋಬರಿನಲ್ಲಿ ಬಾಸ್ಟನ್ ತಲುಪಿದಾಗ ಅವರ ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಷ್ಣವಲಯ ವೈದ್ಯಶಾಲೆಯಲ್ಲಿ ಹಗಲು ಓದು. ಪೀಟರ್ ಬೆಂಟ್ ಬ್ರಿಗ್‌ಹ್ಯಾಮ್ ಆಸ್ಪತ್ರೆಯಲ್ಲಿ ರಾತ್ರಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸ. ಅವರು ಹೊರಟ ಮೇಲೆ ಹುಟ್ಟಿದ ಮಗು ಶೈಶವದಲ್ಲಿಯೇ ತೀರಿಕೊಂಡಿತು. ತಂದೆಗೆ ಅದರ ಮುಖದರ್ಶನವಾಗಲಿಲ್ಲ. ಕೆಲವು ವರ್ಷಗಳ ಓದಿಗೆಂದು ಬಿಟ್ಟುಬಂದ ದೇಶಕ್ಕೆ ಅವರು ಮತ್ತೆ ಮರಳಲಿಲ್ಲ. ಶೇಷಗಿರಿಯವರು ಭಾರತದಲ್ಲಿಯೇ ಉಳಿದರು. ಸುಬ್ಬರಾವ್ ಅವರ ಸಾಧನೆಯನ್ನು ಲೆಕ್ಕ ಹಾಕುವಾಗ, ಅದಕ್ಕೆ ತೆತ್ತ ಬೆಲೆಯಲ್ಲಿ ಒಂದು ಭಾಗ ಸಮುದ್ರದ ಈಚೆಯ ದಡದಲ್ಲಿ ಕಾದು ಕುಳಿತ ಈ ಹೆಣ್ಣುಮಗಳದೂ ಆಗಿತ್ತೆಂಬುದನ್ನು ಮರೆಯಲಾಗದು.

ಹಾರ್ವರ್ಡಿನಲ್ಲಿ ಡಿಪ್ಲೊಮಾ ಪಡೆದ ಬಳಿಕ ಅವರು ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಅವರ ಕೈಕೆಳಗೆ ಸಂಶೋಧನೆಗೆ ತೊಡಗಿದರು. ದೇಹದ್ರವಗಳಲ್ಲಿರುವ ರಂಜಕದ ಪ್ರಮಾಣವನ್ನು ಅಳೆಯುವ ಸರಳ ವಿಧಾನವೊಂದನ್ನು ರೂಪಿಸುವುದು ಮೊದಲ ಕೆಲಸ. ದ್ರಾವಣಕ್ಕೆ ಮಾಲಿಬ್ಡೇಟ್ ಲವಣವನ್ನು ಸೇರಿಸಿ ಅಪಕರ್ಷಿಸಿದಾಗ ನೀಲಿ ಬಣ್ಣ ಮೂಡುತ್ತದೆ. ನೀಲಿ ಎಷ್ಟು ಗಾಢವೋ ರಂಜಕ ಅಷ್ಟು ಹೆಚ್ಚು. 1925ರಲ್ಲಿ ಪ್ರಕಟವಾದ ಈ ಫಿಸ್ಕೆ–ಸುಬ್ಬರಾವ್ ವಿಧಾನ ಜಗತ್ತಿನ ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು.

ಅದನ್ನು ಸ್ನಾಯುವಿನ ಸಾರಕ್ಕೆ ಅನ್ವಯಿಸಿದಾಗ ಒಂದು ತೊಡಕು ಕಾಣಿಸಿಕೊಂಡಿತು. ಕೂಡಲೆ ಮೂಡಬೇಕಾದ ನೀಲಿ ನಿಧಾನವಾಗಿ ಮೂಡತೊಡಗಿತು. ಇನ್ನೊಬ್ಬರಾಗಿದ್ದರೆ ವಿಧಾನದ ದೋಷವೆಂದೋ ಕೈತಪ್ಪೆಂದೋ ಭಾವಿಸಿ ಅದನ್ನು ಕೈಬಿಡಬಹುದಾಗಿತ್ತು. ಫಿಸ್ಕೆ ಮತ್ತು ಸುಬ್ಬರಾವ್ ಆ ವಿಳಂಬದ ಕಾರಣವನ್ನು ಹುಡುಕಿದರು. ಸ್ನಾಯುವಿನಲ್ಲಿ ಬೇಗನೆ ಒಡೆದುಹೋಗುವ ರಂಜಕದ ಸಂಯುಕ್ತವೊಂದಿದೆ, ಅದು ಒಡೆಯುತ್ತ ಹೋದಂತೆಲ್ಲ ಬಣ್ಣ ಏರುತ್ತಿದೆ ಎಂಬುದು ಗೊತ್ತಾಯಿತು. ಅದೇ ಫಾಸ್ಫೊಕ್ರಿಯಾಟಿನ್, ವರ್ಷ 1927. ಇದರ ಬೆನ್ನಿಗೆ 1929ರಲ್ಲಿ ಜೀವಕೋಶದ ಶಕ್ತಿಯ ನಾಣ್ಯವೆನಿಸಿದ ಎ.ಟಿ.ಪಿ.ಯನ್ನು ಅವರು ಬೇರ್ಪಡಿಸಿದರು. ಜರ್ಮನಿಯಲ್ಲಿ ಕಾರ್ಲ್ ಲೋಮಾನ್ ಅವರೂ ಅದೇ ವರ್ಷ ಸ್ವತಂತ್ರವಾಗಿ ಅದನ್ನು ಗುರುತಿಸಿದ್ದರು. ಸ್ನಾಯುವಿನ ಚಲನೆಗೆ ಲ್ಯಾಕ್ಟಿಕ್ ಆಮ್ಲವೇ ಮೂಲವೆಂಬ ಅಂದಿನ ಪ್ರತಿಷ್ಠಿತ ಸಿದ್ಧಾಂತ ಈ ಶೋಧಗಳಿಂದ ಅಲುಗಾಡಿತು.

1930ರಲ್ಲಿ ಸುಬ್ಬರಾವ್ ಅವರಿಗೆ ಪಿಎಚ್.ಡಿ. ಪದವಿ ಬಂದಿತು, ಹಾರ್ವರ್ಡಿನಲ್ಲಿ ಖಾಯಂ ಹುದ್ದೆ ಮಾತ್ರ ಬರಲಿಲ್ಲ. ಶೋಧದ ಗೌರವಕ್ಕಾಗಿ ಹಟ ಹಿಡಿಯುವ ಸ್ವಭಾವ ಅವರದಾಗಿರಲಿಲ್ಲ. ಅದೇ ವಿಭಾಗದಲ್ಲಿ ವಿದ್ಯಾರ್ಥಿಯಾಗಿದ್ದು ಮುಂದೆ ನೊಬೆಲ್ ಪುರಸ್ಕಾರ ಪಡೆದ ಜಾರ್ಜ್ ಹಿಚಿಂಗ್ಸ್ ಅವರು, ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೊಟೈಡುಗಳು ಬೆಳಕು ಕಾಣದೆ ಉಳಿದು, ವರ್ಷಗಳ ನಂತರ ಇತರರು ಅವನ್ನು ಮತ್ತೆ ಶೋಧಿಸಬೇಕಾಯಿತೆಂದು ನೆನಪಿಸಿಕೊಂಡಿದ್ದಾರೆ.

1940ರಲ್ಲಿ ಸುಬ್ಬರಾವ್ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಸಂಶೋಧನಾಲಯವನ್ನು ಸೇರಿ, ಬೇಗನೆ ಅಲ್ಲಿನ ಸಂಶೋಧನೆಯ ನಿರ್ದೇಶಕರಾದರು. ಅವರ ಮನಸ್ಸಿನಲ್ಲಿದ್ದುದು ಹಳೆಯ ಪ್ರಶ್ನೆಯೇ. ಯಕೃತ್ತಿನ ಸಾರ ಕೆಲವು ಬಗೆಯ ರಕ್ತಹೀನತೆಯನ್ನು ಗುಣಪಡಿಸುತ್ತದೆ. ಅದರೊಳಗಿರುವ ಗುಣಕಾರಿ ವಸ್ತು ಯಾವುದು?

ಈ ಪ್ರಶ್ನೆಗೆ ಒಂದು ಮುಖ್ಯ ಸುಳಿವು ದೊರೆತಿದ್ದುದು ಮುಂಬಯಿಯಲ್ಲಿ. 1928ರಲ್ಲಿ ಅಲ್ಲಿಗೆ ಬಂದ ಆಂಗ್ಲ ವೈದ್ಯೆ ಲೂಸಿ ವಿಲ್ಸ್ ಅವರು ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಭ್ಯಸಿಸಿದರು. ಅಗ್ಗದ ಈಸ್ಟ್ ಸಾರವಾದ ಮಾರ್ಮೈಟ್ ಅದನ್ನು ವಾಸಿಮಾಡುತ್ತದೆಂದು 1931ರಲ್ಲಿ ಪ್ರಕಟಿಸಿದರು. ಈಸ್ಟಿನಲ್ಲಿದ್ದ ಆ ಅಜ್ಞಾತ ವಸ್ತುವಿಗೆ ವಿಲ್ಸ್ ಅಂಶವೆಂದೇ ಹೆಸರಾಯಿತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಬಸಳೆಯಂಥ ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಸಾಂದ್ರಗೊಳಿಸಿ, ಎಲೆಯ ಲ್ಯಾಟಿನ್ ಹೆಸರಿನಿಂದ ಅದನ್ನು ಫೋಲಿಕ್ ಆಮ್ಲವೆಂದು ಕರೆದರು. ಗಿರಣಿ ಹೆಂಗಸರ ಮದ್ದು ಮತ್ತು ಸೊಪ್ಪಿನ ಆಮ್ಲ ಮೂಲತಃ ಒಂದೇ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಅದರ ರಚನೆಯನ್ನು ಬಿಡಿಸಿ, ಕೃತಕವಾಗಿ ತಯಾರಿಸಿ, ಎಲ್ಲರಿಗೂ ಎಟುಕುವಂತೆ ಮಾಡಿದುದು ಲೆಡರ್ಲೆಯಲ್ಲಿ ಸುಬ್ಬರಾವ್ ಕಟ್ಟಿದ ತಂಡ. ಈ ಸಂಶ್ಲೇಷಣೆ 1945ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸುಬ್ಬರಾವ್ ಬಹುಕಾಲದಿಂದ ಅರಸುತ್ತಿದ್ದುದು ಮಾರಕ ರಕ್ತಹೀನತೆಯನ್ನು ಪೂರ್ಣವಾಗಿ ಗುಣಪಡಿಸುವ ಯಕೃತ್ತಿನ ಅಂಶವನ್ನು. ಫೋಲಿಕ್ ಆಮ್ಲ ಅದಾಗಿರಲಿಲ್ಲ. ಆ ರೋಗದಲ್ಲಿ ಅದು ರಕ್ತವನ್ನು ಸುಧಾರಿಸಿದರೂ ನರಗಳಿಗಾಗುವ ಹಾನಿಯನ್ನು ತಡೆಯುತ್ತಿರಲಿಲ್ಲ. ನಿಜವಾದ ಅಂಶವಾದ ಬಿ-12 ಜೀವಸತ್ವ 1948ರಲ್ಲಿ ಬೇರೆಯವರ ಕೈಗೆ ಸಿಕ್ಕಿತು. ಆ ಮಟ್ಟಿಗೆ ಇದು ಸೋಲೇ. ಆದರೆ ಫೋಲಿಕ್ ಆಮ್ಲ ಸ್ಪ್ರೂ ರೋಗಿಗಳಲ್ಲಿ ಉತ್ತಮ ಫಲ ಕೊಡುವುದು ಕ್ಯೂಬಾ ಮೊದಲಾದೆಡೆ ನಡೆದ ಪ್ರಯೋಗಗಳಿಂದ ತಿಳಿದುಬಂದಿತು. ಸಹೋದರರನ್ನು ಕೊಂದ ರೋಗಕ್ಕೆ ಮದ್ದು ದೊರೆತಿತ್ತು, ಕಾಲು ಶತಮಾನ ತಡವಾಗಿ.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ರೋಗಲಕ್ಷಣಶಾಸ್ತ್ರಜ್ಞರಾಗಿದ್ದ ಸಿಡ್ನಿ ಫಾರ್ಬರ್ ಅವರು ಲೆಡರ್ಲೆಯತ್ತ ನೋಡಿದುದು ಇದೇ ಸಂದರ್ಭದಲ್ಲಿ. ಮಕ್ಕಳಿಗೆ ಬರುವ ತೀವ್ರ ರಕ್ತದ ಕ್ಯಾನ್ಸರಿನಲ್ಲಿ ಅಸ್ಥಿಮಜ್ಜೆಯ ಎಳೆಯ ಬಿಳಿ ರಕ್ತಕಣಗಳು ಬಲಿಯದೆಯೇ ಮಿತಿಯಿಲ್ಲದೆ ಹೆಚ್ಚುತ್ತವೆ. ಗಡ್ಡೆಯಾಗಿ ಒಂದೆಡೆ ನಿಲ್ಲದ ಈ ಕಾಯಿಲೆಯನ್ನು ಶಸ್ತ್ರದಿಂದ ಕತ್ತರಿಸಿ ತೆಗೆಯುವಂತಿಲ್ಲ. ಅಂದು ಈ ರೋಗವೆಂದು ಗೊತ್ತಾದ ಮಗು ಕೆಲವು ವಾರ ಅಥವಾ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿತ್ತು. ಸ್ಪ್ರೂ ಮತ್ತು ರಕ್ತಹೀನತೆಗಳಲ್ಲಿ ಮಜ್ಜೆಯನ್ನು ಸರಿದಾರಿಗೆ ತರುವ ಫೋಲಿಕ್ ಆಮ್ಲ ಇಲ್ಲಿಯೂ ನೆರವಾದೀತೆಂಬ ನಿರೀಕ್ಷೆ ಸಹಜವಾಗಿತ್ತು. ಲೆಡರ್ಲೆಯಿಂದ ಬಂದ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಫಾರ್ಬರ್ ಕೆಲವು ಮಕ್ಕಳಿಗೆ ಕೊಟ್ಟರು.

ಫಲ ವಿಪರೀತವಾಯಿತು. ಮಜ್ಜೆಯಲ್ಲಿ ರೋಗದ ಕಣಗಳು ಇನ್ನೂ ವೇಗವಾಗಿ ಬೆಳೆದಂತೆ ಫಾರ್ಬರ್ ಅವರಿಗೆ ತೋರಿತು. ಪೋಷಕವೆಂದು ಕೊಟ್ಟುದು ರೋಗವನ್ನೇ ಪೋಷಿಸಿತ್ತು. ಸಾಯುವುದು ನಿಶ್ಚಿತವೆನಿಸಿದ್ದ ಮಕ್ಕಳ ಮೇಲೆ ನಡೆದ ಈ ಪ್ರಯೋಗವನ್ನು ಇಂದಿನ ವೈದ್ಯಕೀಯ ನೀತಿಯ ಕಣ್ಣಿನಿಂದ ನೋಡುವವರಿಗೆ ಹಲವು ಕಠಿಣ ಪ್ರಶ್ನೆಗಳು ಏಳುತ್ತವೆ. ಅವನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಆ ಸೋಲನ್ನು ಮುಚ್ಚಿಡದೆ ಫಾರ್ಬರ್ ಅದರೊಳಗಿದ್ದ ಸೂಚನೆಯನ್ನು ಗ್ರಹಿಸಿದರು. ಫೋಲಿಕ್ ಆಮ್ಲ ರೋಗಕಣಗಳನ್ನು ಬೆಳೆಸುವುದಾದರೆ, ಅವುಗಳಿಗೆ ಅದು ಸಿಗದಂತೆ ಮಾಡಿದರೆ ಅವು ಸೊರಗಬೇಕು. ಸ್ನಾಯುವಿನ ಸಾರದಲ್ಲಿ ನೀಲಿ ಬಣ್ಣ ತಡವಾದಾಗ ಹಾರ್ವರ್ಡಿನಲ್ಲಿ ನಡೆದ ಯೋಚನೆಯ ಜಾಡಿಗೂ ಇದಕ್ಕೂ ಬಹಳ ದೂರವಿಲ್ಲ.

ಸಿಗದಂತೆ ಮಾಡುವ ಉಪಾಯ ಪರ್ಲ್ ರಿವರ್‌ನಲ್ಲಿ ಆಗಲೇ ಸಿದ್ಧವಾಗುತ್ತಿತ್ತು. ಫೋಲಿಕ್ ಆಮ್ಲವನ್ನು ತುಂಡುತುಂಡಾಗಿ ಜೋಡಿಸಿ ಕಟ್ಟಲು ಕಲಿತಿದ್ದ ಸುಬ್ಬರಾವ್ ಅವರ ತಂಡಕ್ಕೆ, ಒಂದು ತುಂಡನ್ನು ಬದಲಿಸಿ ಕಟ್ಟುವುದೂ ಸಾಧ್ಯವಾಗಿತ್ತು. ಅಣುವಿನ ಒಂದು ಕಡೆ ಹೈಡ್ರಾಕ್ಸಿಲ್ ಗುಂಪಿನ ಜಾಗದಲ್ಲಿ ಅಮಿನೊ ಗುಂಪನ್ನು ಇಟ್ಟಾಗ ದೊರೆತುದು ಅಮಿನಾಪ್ಟೆರಿನ್. ಅಣುವಿನ ಆಕಾರ ಹೆಚ್ಚುಕಡಿಮೆ ಮೊದಲಿನದೇ. ಆದುದರಿಂದ ಫೋಲಿಕ್ ಆಮ್ಲವನ್ನು ಬಳಕೆಗೆ ಅಣಿಗೊಳಿಸುವ ಕಿಣ್ವ ಮೋಸಹೋಗಿ ಇದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಿಡಿದ ಮೇಲೆ ಸುಲಭವಾಗಿ ಬಿಡದು. ಬೀಗದೊಳಗೆ ಹೊಕ್ಕು ತಿರುಗದೆ ಸಿಕ್ಕಿಕೊಂಡ ಸುಳ್ಳು ಕೀಲಿಯಂತೆ ಅದು ಅಲ್ಲಿಯೇ ಉಳಿಯುತ್ತದೆ. ಹೊಸ ಡಿ.ಎನ್.ಎ. ಕಟ್ಟಲು ಬೇಕಾದ ಸಾಮಗ್ರಿ ತಯಾರಾಗದೆ, ವೇಗವಾಗಿ ಒಡೆದು ಹೆಚ್ಚುವ ಕಣಗಳು ಮೊದಲು ಸಾಯುತ್ತವೆ. ಬಾಯಿ, ಕರುಳುಗಳ ಒಳಪೊರೆಯ ಆರೋಗ್ಯವಂತ ಕಣಗಳೂ ವೇಗವಾಗಿ ಬೆಳೆಯುವಂಥವೇ ಆದುದರಿಂದ ಅವಕ್ಕೂ ಪೆಟ್ಟು ಬೀಳುತ್ತದೆ. ಈ ಮದ್ದಿನ ಗುಣವೂ ದೋಷವೂ ಒಂದೇ ಮೂಲದವು.

1947ರ ಕೊನೆಯ ತಿಂಗಳುಗಳಲ್ಲಿ ಫಾರ್ಬರ್ ಅಮಿನಾಪ್ಟೆರಿನ್ ಬಳಸತೊಡಗಿದರು. 1948ರ ಜೂನ್ 3ರಂದು ಪ್ರಕಟವಾದ ಅವರ ವರದಿಯ ಪ್ರಕಾರ, ಚಿಕಿತ್ಸೆ ಪಡೆದ 16 ಮಕ್ಕಳಲ್ಲಿ 10 ಮಂದಿ ಚೇತರಿಕೆ ತೋರಿದರು. ಊದಿದ ಗುಲ್ಮ ಇಳಿಯಿತು, ರಕ್ತಕಣಗಳ ಎಣಿಕೆ ಸಹಜಸ್ಥಿತಿಯತ್ತ ಬಂದಿತು, ಮಲಗಿದ್ದ ಮಕ್ಕಳು ಎದ್ದು ಓಡಾಡಿದರು. ಈ ಚೇತರಿಕೆ ತಾತ್ಕಾಲಿಕವಾಗಿತ್ತು. ಕೆಲವು ತಿಂಗಳಲ್ಲಿ ರೋಗ ಮರಳಿತು. ಫಾರ್ಬರ್ ಅದನ್ನು ವಾಸಿಯೆಂದು ಕರೆಯಲಿಲ್ಲ. ಆದರೂ ದೇಹದ ತುಂಬ ಹರಡಿದ ಕ್ಯಾನ್ಸರನ್ನು ರಾಸಾಯನಿಕವೊಂದು ಹಿಮ್ಮೆಟ್ಟಿಸಬಲ್ಲದು ಎಂಬುದು ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಮೊದಲ ಬಾರಿಗೆ ಖಚಿತವಾಯಿತು.

ಸುಬ್ಬರಾವ್ ಅವರ ಆಸಕ್ತಿ ಇದೊಂದಕ್ಕೇ ಸೀಮಿತವಾಗಿರಲಿಲ್ಲ. ಆನೆಕಾಲು ರೋಗದ ಹುಳುಗಳನ್ನು ಕೊಲ್ಲುವ ಡೈಈಥೈಲ್ ಕಾರ್ಬಮಝೀನ್ 1947ರಲ್ಲಿ ಹೊರಬಂದುದು ಅವರ ನಿರ್ದೇಶನದಲ್ಲಿಯೇ. 2004ರಿಂದ ಭಾರತ ಸರಕಾರ ರೋಗಪೀಡಿತ ಜಿಲ್ಲೆಗಳಲ್ಲಿ ನಡೆಸಿದ ಸಾಮೂಹಿಕ ಔಷಧ ವಿತರಣೆಯಲ್ಲಿ, ಕರ್ನಾಟಕದ ಕರಾವಳಿಯಲ್ಲಿಯೂ ಕಲಬುರ್ಗಿ, ಬೀದರ್ ಸೀಮೆಯಲ್ಲಿಯೂ ಜನ ನುಂಗಿದುದು ಈ ಗುಳಿಗೆಯನ್ನೇ. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧವಾದ ಆರಿಯೊಮೈಸಿನ್ ಅನ್ನು ಬೆಂಜಮಿನ್ ಡಗ್ಗರ್ ಶೋಧಿಸಿದುದೂ ಅದೇ ಸಂಶೋಧನಾಲಯದಲ್ಲಿ. ಇಂದು ಉಷ್ಣವಲಯದ ಸ್ಪ್ರೂ ರೋಗಿಗೆ ವೈದ್ಯರು ಬರೆದುಕೊಡುವುದು ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್. ಎರಡರ ಬೇರೂ ಪರ್ಲ್ ರಿವರ್‌ನಲ್ಲಿದೆ.

ಫಾರ್ಬರ್ ವರದಿ ಪ್ರಕಟವಾಗಿ ಎರಡು ತಿಂಗಳು ಕಳೆದಿತ್ತಷ್ಟೆ. 1948ರ ಆಗಸ್ಟಿನಲ್ಲಿ ಒಂದು ರಾತ್ರಿ ನಿದ್ರೆಯಲ್ಲಿಯೇ ಹೃದಯಾಘಾತದಿಂದ ಸುಬ್ಬರಾವ್ ನಿಧನರಾದರು. ಆಗ ಅವರಿಗೆ 53 ವರ್ಷ. 1946ರ ಕಾನೂನು ಭಾರತೀಯರಿಗೆ ಅಮೆರಿಕದ ಪೌರತ್ವದ ಅವಕಾಶ ಕೊಟ್ಟಿದ್ದರೂ ಅವರು ಅಲ್ಲಿನ ಪ್ರಜೆಯಾಗಿರಲಿಲ್ಲ. ಸ್ವತಂತ್ರ ಭಾರತವನ್ನು ಕಾಣುವುದೂ ಅವರಿಂದ ಆಗಲಿಲ್ಲ.

ಅವರು ಬಿಟ್ಟುಹೋದ ಕೆಲಸ ಮುಂದುವರಿಯಿತು. ಅಮಿನಾಪ್ಟೆರಿನ್ನಿಗಿಂತ ಬಳಸಲು ಸುರಕ್ಷಿತವಾದ ಅದರ ಸೋದರ ಅಣು ಮೆಥೊಟ್ರೆಕ್ಸೇಟ್ ಅದರ ಸ್ಥಾನಕ್ಕೆ ಬಂದಿತು. 1956ರಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್ ಅವರು ಗರ್ಭದ ಮಾಸಿನಿಂದ ಹುಟ್ಟುವ ಕೋರಿಯೊಕಾರ್ಸಿನೋಮ ಎಂಬ ಕ್ಯಾನ್ಸರಿನಲ್ಲಿ ಇದನ್ನು ಬಳಸಿ, ಹರಡಿದ ಕ್ಯಾನ್ಸರ್ ಕೇವಲ ಔಷಧದಿಂದಲೇ ಮಾಯವಾಗಬಹುದೆಂದು ತೋರಿಸಿದರು. ಇತ್ತ, ಫಿಸ್ಕೆಯವರ ವಿಭಾಗದ ಹಳೆಯ ವಿದ್ಯಾರ್ಥಿ ಹಿಚಿಂಗ್ಸ್ ಅವರು ಗರ್ಟ್ರೂಡ್ ಎಲಿಯನ್ ಅವರೊಡನೆ ಸೇರಿ ಮರ್ಕಾಪ್ಟೊಪ್ಯೂರಿನ್ ರೂಪಿಸಿದರು. ಮಕ್ಕಳ ರಕ್ತದ ಕ್ಯಾನ್ಸರ್ ಮರಳದಂತೆ ಇಂದಿಗೂ ದೀರ್ಘಕಾಲ ಕೊಡುವ ಎರಡು ಮುಖ್ಯ ಗುಳಿಗೆಗಳು ಇವೇ, ಮೆಥೊಟ್ರೆಕ್ಸೇಟ್ ಮತ್ತು ಮರ್ಕಾಪ್ಟೊಪ್ಯೂರಿನ್. ಹಾರ್ವರ್ಡಿನ ಒಂದೇ ವಿಭಾಗದಲ್ಲಿ ಕೆಲಸ ಕಲಿತ ಇಬ್ಬರಿಂದ ಇವು ಬಂದುವೆಂಬುದು ಗಮನಾರ್ಹ. ಹಲವು ಔಷಧಗಳನ್ನು ಕೂಡಿಸಿ ಕೊಡುವ ಪದ್ಧತಿಗಳು ಬೆಳೆದಂತೆ, ಶ್ರೀಮಂತ ದೇಶಗಳಲ್ಲಿ ಈ ರೋಗ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುವ ಸ್ಥಿತಿ ಬಂದಿದೆ.

ಭಾರತದಲ್ಲಿ 1984ರಿಂದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಮದರಾಸಿನ ಕ್ಯಾನ್ಸರ್ ಸಂಸ್ಥೆ ಮತ್ತು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಗಳಲ್ಲಿ ಎಂ.ಸಿ.ಪಿ. 841 ಎಂಬ ಏಕರೂಪದ ಚಿಕಿತ್ಸಾಕ್ರಮ ಜಾರಿಗೆ ಬಂದು, ಮಕ್ಕಳ ಉಳಿವಿನ ಪ್ರಮಾಣ ಹಿಂದಿಗಿಂತ ಬಹಳ ಉತ್ತಮಗೊಂಡಿತು. ಆ ಕ್ರಮದಲ್ಲಿಯೂ ಮೆಥೊಟ್ರೆಕ್ಸೇಟಿಗೆ ಸ್ಥಾನವಿತ್ತು. ಖಾದಿ ತೊಟ್ಟ ತರುಣನಿಗೆ ಪೂರ್ಣ ಪದವಿಯನ್ನು ನಿರಾಕರಿಸಿದ ಮದರಾಸಿಗೆ ಅವರು ಮರಳಲಿಲ್ಲ. ಅವರ ಸಂಶೋಧನಾಲಯದ ಅಣು ಮರಳಿತು. ಲೂಸಿ ವಿಲ್ಸ್ ಅವರಿಗೆ ಮೊದಲ ಸುಳಿವು ಕೊಟ್ಟ ಗಿರಣಿ ಹೆಂಗಸರ ಮುಂಬಯಿಗೂ ಅದು ಮರಳಿತು.

ಸುಬ್ಬರಾವ್ ಅವರಿಗೆ ನೊಬೆಲ್ ಪುರಸ್ಕಾರ ಬರಲಿಲ್ಲ. 1953ರಲ್ಲಿ ಒಂದು ಶಿಲೀಂಧ್ರಕ್ಕೆ ಅವರ ಹೆಸರನ್ನಿಟ್ಟು ಸುಬ್ಬರೊಮೈಸಿಸ್ ಎಂದು ಕರೆಯಲಾಯಿತು. 1995ರಲ್ಲಿ, ಜನ್ಮಶತಮಾನೋತ್ಸವದ ವರ್ಷ, ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಅವರ ಮದ್ದನ್ನು ನುಂಗುವವರಲ್ಲಿ ಬಹುಪಾಲು ಜನ ಅವರ ಹೆಸರನ್ನು ಕೇಳಿದವರಲ್ಲ. ಇದು ವಿಷಾದದ ಸಂಗತಿಯಾದರೂ ಅವರ ಸ್ವಭಾವಕ್ಕೆ ಅಸಂಗತವಾದುದೇನಲ್ಲ. ಸಂಶೋಧನೆಯ ಹಾದಿಗೆ ಬರುವ ಕಿರಿಯರಿಗೆ ಈ ಜೀವನ ತೋರಿಸಿಕೊಡುವ ಮಾತೊಂದಿದೆ. ಯಾವ ವಿಷಯದ ಅಧ್ಯಯನದಲ್ಲಿಯಾಗಲಿ ತಮ್ಮ ಊಹೆಗೆ ಹೊಂದದ ಸಾಕ್ಷ್ಯ ಎದುರಾದಾಗ ಅದನ್ನು ಅಡ್ಡಿಯೆಂದು ತಿಳಿಯಬಹುದು, ಅಥವಾ ಅದರ ಜೊತೆಯಲ್ಲಿ ಕುಳಿತು ಅದನ್ನು ಓದಬಹುದು. ಸುಬ್ಬರಾವ್ ಎರಡನೆಯ ದಾರಿಯನ್ನು ಹಿಡಿದರು. ಅವರೊಡನೆ ದುಡಿದವರೂ ಅದನ್ನೇ ಹಿಡಿದರು. ಹತ್ತು ಮಕ್ಕಳು ಕೆಲವು ತಿಂಗಳು ಹೆಚ್ಚಾಗಿ ಬದುಕಿದುದರಿಂದ ಆರಂಭವಾದ ಚಿಕಿತ್ಸೆ ಇಂದು ಲಕ್ಷಾಂತರ ಮಕ್ಕಳನ್ನು ದೊಡ್ಡವರನ್ನಾಗಿ ಬೆಳೆಸಿದೆ.